ಕೋಲಾರದ ಶಾಸನಗಳು ಮತ್ತು ಪರರ ದೃಷ್ಟಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಪ್ರಾಚೀನ ಶಾಸನವನ್ನು ಉಲ್ಲೇಖಿಸುವ ವಿದ್ವಾಂಸರು ಬಹುಮಟ್ಟಿಗೆ ತಾಲ್ಲೂಕಿನ ಹೆಸರಿನೊಡನೆ ಒಂದು ಸಂಖ್ಯೆಯನ್ನು ಬರೆಯುತ್ತಾರೆ. ಆ ಸಂಖ್ಯೆಯನ್ನು ಕೊಟ್ಟವರು ಬಿ. ಎಲ್. ರೈಸ್. ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 10ನೆಯ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಸಂಪುಟ, 1905ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಂದಿನ ಬಂಗಾರಪೇಟೆಯು 'ಬೌರಿಂಗ್‌ಪೇಟೆ' ಎನಿಸಿದೆ. ಅದು ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರು. ಕಾಲಾಂತರದಲ್ಲಿ ಊರಿನ ಹೆಸರು ಬದಲಾಯಿತು. ಸಂಖ್ಯೆಗಳು ಹಾಗೆಯೇ ಉಳಿದವು. ರಾಜ್ಯಭಾರ ಮುಗಿದ ಮೇಲೂ ಆಳಿದವರು ಹಾಕಿದ ಎಣಿಕೆಯು ಆಳಿಸಿಕೊಂಡವರ ನೆನಪನ್ನು ಆಳುತ್ತಿರುತ್ತದೆ.

ಈ ಸೀಮೆಯ ಇತಿಹಾಸವು ಜೈನರಿಗೆ ಪರಕೀಯವಲ್ಲ. ಗಂಗರು ತಮ್ಮನ್ನು 'ಕುವಳಾಲಪುರವರಾಧೀಶ್ವರ'ರೆಂದು ಕರೆದುಕೊಂಡರು; ಆ ಕುವಳಾಲವೇ ಕೋಲಾರ. ಆಚಾರ್ಯ ಸಿಂಹನಂದಿಗಳ ಅನುಗ್ರಹದಿಂದ ಗಂಗರಾಜ್ಯವು ಸ್ಥಾಪನೆಯಾಯಿತೆಂಬ ಪರಂಪರೆಯನ್ನು ನಂತರದ ಶಾಸನಗಳು ಹೇಳುತ್ತವೆ. ಮುಂದೆ ನೊಳಂಬರ ಆವನಿ, ಚೋಳರ ಕಾಲದ ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಇದೇ ನೆಲಕ್ಕೆ ಸೇರಿದವು.

ಈ ಸಾಮಗ್ರಿಯನ್ನು ಪರರು ಓದಿದ ಬಗೆ ಒಂದೇ ತೆರನಾಗಿರಲಿಲ್ಲ. ಎಚ್. ಎಚ್. ವಿಲ್ಸನ್ ಮೊದಲಾದವರು ಜೈನಧರ್ಮವನ್ನು ಬೌದ್ಧಧರ್ಮದ ಶಾಖೆಯೆಂದು ಭಾವಿಸಿದ್ದರು. ಜರ್ಮನಿಯ ಹರ್ಮನ್ ಯಾಕೋಬಿ 1879ರಲ್ಲಿ ತಮ್ಮ ಕಲ್ಪಸೂತ್ರದ ಪೀಠಿಕೆಯಲ್ಲಿ ಅದರ ಸ್ವಾತಂತ್ರ್ಯವನ್ನು ಪ್ರತಿಪಾದಿಸಿದರು. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳೆಂದು ಮುಂಬಯಿ ಪ್ರಾಂತ್ಯದ ಅಧಿಕಾರಿ ಜೆ. ಎಫ್. ಫ್ಲೀಟ್ ವಾದಿಸಿದರೆ, ರೈಸ್ ಅವುಗಳ ಪರವಾಗಿ ನಿಂತರು. ಆದರೆ ಒಂದು ಸಂಗತಿ ಗಮನಾರ್ಹ. ಗಂಗರು ಯಾರೆಂಬ ಈ ವಾದವು ಇಂಗ್ಲಿಷಿನಲ್ಲಿ, ಇಬ್ಬರು ಸರಕಾರಿ ಅಧಿಕಾರಿಗಳ ನಡುವೆ ನಡೆಯಿತು. ಊರೂರು ತಿರುಗಿ ಕಲ್ಲುಗಳ ಅಕ್ಷರವನ್ನು ನಕಲು ಮಾಡಿದ ದೇಶೀಯ ಪಂಡಿತರ ಹೆಸರು ಮುಖಪುಟಕ್ಕೆ ಬರಲಿಲ್ಲ.

ಪೂರ್ವದೇಶಗಳ ಬಗೆಗೆ ಪಶ್ಚಿಮವು ಕೂಡಿಸಿದ ಜ್ಞಾನವು ಅಧಿಕಾರದಿಂದ ಬೇರೆಯಲ್ಲವೆಂದು ಎಡ್ವರ್ಡ್ ಸಯೀದ್ 1978ರಲ್ಲಿ 'ಓರಿಯಂಟಲಿಸಂ' ಗ್ರಂಥದಲ್ಲಿ ವಾದಿಸಿದರು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದೊಂದೇ ಸತ್ಯವೆಂದರೆ ಅದು ಏಕಾಂತವಾದವಾಗುತ್ತದೆ. ಅನೇಕಾಂತದೃಷ್ಟಿಯುಳ್ಳವನು ಜಮೆಯನ್ನೂ ಖರ್ಚನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು. ರೈಸರು ಅಚ್ಚು ಮಾಡಿಸಿದ್ದರಿಂದಲೇ ಎಷ್ಟೋ ಪಾಠಗಳು ಉಳಿದಿವೆ. ಆ ಋಣವನ್ನು ಮರೆಯುವುದು ಕೃತಘ್ನತೆ. ಅವರ ತೀರ್ಮಾನವೇ ಕೊನೆಯದೆಂದು ನಂಬುವುದು ದಾಸ್ಯ.

ಈ ಎರಡನ್ನೂ ಮೀರಿದ ಮಾರ್ಗವನ್ನು ಆರ್. ನರಸಿಂಹಾಚಾರ್ಯರು ತೋರಿಸಿದ್ದಾರೆ. 1889ರಲ್ಲಿ ರೈಸರು ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಅವರ ಸ್ಥಾನಕ್ಕೆ ಬಂದ ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿ 500 ಶಾಸನಗಳನ್ನು ಕೊಟ್ಟರು. ಅವರು ಹಿಂದಿನವರನ್ನು ನಿಂದಿಸುತ್ತ ಕೂರಲಿಲ್ಲ. ಬೆಟ್ಟದ ಮೇಲಿನ ಬಂಡೆಗಳನ್ನು ಮತ್ತೊಮ್ಮೆ ಓದಿಸಿದರು.

ಇಂದು ಬಸದಿಯ ಗೋಡೆಗೆ ಸುಣ್ಣ ಬಳಿಯುವಾಗ, ಜೀರ್ಣೋದ್ಧಾರಕ್ಕೆಂದು ಹಳೆಯ ಚಪ್ಪಡಿ ಕೀಳುವಾಗ ಅಕ್ಷರವೊಂದು ಅಳಿದರೆ ಅದಕ್ಕೆ ಹೊಣೆ ಪರದೇಶದವರಲ್ಲ. ಪ್ರತಿ ಬಸದಿಯ ಟ್ರಸ್ಟು ತನ್ನ ಆವರಣದ ಕಲ್ಲು, ಓಲೆಗರಿ, ವಿಗ್ರಹಪೀಠಗಳ ಬರಹಕ್ಕೆ ಕನ್ನಡದಲ್ಲಿ ಒಂದು ಪಟ್ಟಿ ಮಾಡಿ, ಛಾಯಾಚಿತ್ರ ತೆಗೆಸಿಡುವುದು ಹೆಚ್ಚಿನ ಖರ್ಚಿನ ಕಾರ್ಯವಲ್ಲ. ಸ್ವಾಧ್ಯಾಯವನ್ನು ಆಚಾರ್ಯರು ತಪಸ್ಸೆಂದು ಗಣಿಸಿದ್ದಾರೆ. ತನ್ನ ಮನೆಯ ಕಲ್ಲನ್ನು ತಾನೇ ಓದುವುದು ಸ್ವಾಧ್ಯಾಯವೇ. ಅದನ್ನು ಮಾಡದ ಸಮಾಜವು ತನ್ನ ಕಥೆಯನ್ನು ಸದಾ ಪರರ ಬಾಯಲ್ಲೇ ಕೇಳಬೇಕಾಗುತ್ತದೆ.