ಹವಳದ ತೊಟ್ಟಿಯ ತಳದ ಮರಳು

ಕಡಲ ನೀರು ತುಂಬಿದ ತೊಟ್ಟಿಯಲ್ಲಿ ಹವಳಗಳನ್ನು ಬದುಕಿಸುವ ಕಲೆಯ ಚರಿತ್ರೆಯಲ್ಲಿ ಮೀನು, ಬೆಳಕು, ಯಂತ್ರಗಳ ವಿಚಾರ ವಿಸ್ತಾರವಾಗಿ ದಾಖಲಾಗಿದೆಯಾದರೂ, ತಳದಲ್ಲಿ ಹರಡಿದ ಮರಳನ್ನು ಶುಚಿಯಾಗಿಡುವ ಹೊಣೆ ಯಾರದೆಂಬ ಪ್ರಶ್ನೆಯೇ ಪ್ರತಿ ತಲೆಮಾರಿನ ಪದ್ಧತಿಯನ್ನು ರೂಪಿಸಿದೆ. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳದ ವರ್ಗಕ್ಕೆ ಸೇರಿದ ಜೀವಿಗಳನ್ನು ಲಂಡನ್ನಿಗೆ ತಂದ ಅನ್ನಾ ಥಿನ್ ಅವರ ಮನೆಯಲ್ಲಿ, ನೀರಿಗೆ ಗಾಳಿ ಬೆರೆಯಲೆಂದು ಕೆಲಸದಾಕೆಯೊಬ್ಬಳು ಅದನ್ನು ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಬೇಕಾಗಿತ್ತು. ಆಕೆಯ ದುಡಿಮೆಗೆ ಈ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕ ಹೊರಬಂದು ಮಧ್ಯಮವರ್ಗದ ಮನೆಗಳಿಗೂ ಈ ಹವ್ಯಾಸ ಹಬ್ಬಿತು.

ಆ ಕಾಲದ ತೊಟ್ಟಿಗಳು ಬೇಗನೆ ಕೆಡುತ್ತಿದ್ದುದಕ್ಕೆ ಕಾರಣ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಮೀನಿನ ಮಲ ಹಾಗೂ ಉಳಿದ ಆಹಾರ ಕೊಳೆತಾಗ ಹುಟ್ಟುವ ಅಮೋನಿಯ ಜಲಚರಗಳಿಗೆ ವಿಷವಾಗಿದ್ದು, ಆಮ್ಲಜನಕವಿರುವೆಡೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸೆರ್ಗೇಯ್ ವಿನೊಗ್ರಾದ್ಸ್ಕಿ ಈ ಬ್ಯಾಕ್ಟೀರಿಯಾಗಳನ್ನು ಮಣ್ಣಿನಿಂದ ಬೇರ್ಪಡಿಸಿ ಅಧ್ಯಯನ ಮಾಡಿದ್ದು 1890ರ ಸುಮಾರಿಗೆ. ಆ ಅರಿವು ಮನೆಯ ತೊಟ್ಟಿಯ ತಳಕ್ಕೆ ಇಳಿಯಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಳಕೆಗೆ ಬಂದ ತಳಶೋಧಕವು ಮರಳನ್ನೇ ಶೋಧಕವನ್ನಾಗಿ ಮಾಡಿತು. ತಳದಲ್ಲಿ ತೂತುಗಳ ಫಲಕವೊಂದನ್ನಿಟ್ಟು, ಅದರ ಮೇಲೆ ಗರಸು ಹರಡಿ, ಕೊಳವೆಯಲ್ಲಿ ಏರುವ ಗಾಳಿಗುಳ್ಳೆಗಳ ಬಲದಿಂದ ನೀರನ್ನು ಗರಸಿನ ಮೂಲಕ ಕೆಳಕ್ಕೆ ಸೆಳೆಯುವ ಈ ವ್ಯವಸ್ಥೆ ಅಮೋನಿಯವನ್ನು ನಿಭಾಯಿಸಿತಾದರೂ, ಕೊಳೆಯನ್ನೂ ಜೊತೆಗೇ ಒಳಕ್ಕೆಳೆದು ಸಂದುಗಳನ್ನು ಮುಚ್ಚುತ್ತಿದ್ದುದರಿಂದ, ಸೈಫನ್ ಕೊಳವೆಯಿಂದ ಗರಸನ್ನು ಕಲಕಿ ಕೊಳೆ ಹೀರಿ ತೆಗೆಯುವುದು ಹವ್ಯಾಸಿಗಳ ನಿತ್ಯಕರ್ಮವಾಯಿತು. ನೈಟ್ರೇಟ್ ಮಾತ್ರ ನೀರಿನಲ್ಲಿ ಕೂಡುತ್ತಲೇ ಹೋಯಿತು. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಜೀವಿಗಳು ತುಂಬಿದ ಹವಳದ ಕಲ್ಲನ್ನೂ ಗಾಳಿಗುಳ್ಳೆಗಳನ್ನೂ ನಂಬಿದ ಸರಳ ವಿಧಾನವನ್ನು ವಿವರಿಸಿದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅಂಥ ಕಲ್ಲಿನೊಂದಿಗೆ, ನೊರೆಯ ಮೂಲಕ ಸಾವಯವ ಕಲ್ಮಶವನ್ನು ಹೊರಹಾಕುವ ಪ್ರೋಟೀನ್ ಸ್ಕಿಮ್ಮರನ್ನು ಸೇರಿಸಿ, ದಪ್ಪ ಮರಳ ಹಾಸಿನ ಅಗತ್ಯವನ್ನೇ ಕೈಬಿಟ್ಟರು.

ಮರಳಿಗೆ ಮತ್ತೆ ಗೌರವ ತಂದವರು ಫ್ರಾನ್ಸಿನ ವಿಜ್ಞಾನಿ ಜಾನ್ ಜೋಬೆರ್. 1980ರ ದಶಕದಲ್ಲಿ ಅವರು ಬೆಳೆಸಿದ ಪದ್ಧತಿಯಲ್ಲಿ ದಪ್ಪ ಮರಳಿನ ಅಡಿಯಲ್ಲಿ ಜಾಲರಿಯಿಂದ ಬೇರ್ಪಡಿಸಿದ, ನೀರು ನಿಶ್ಚಲವಾಗಿ ನಿಲ್ಲುವ ಟೊಳ್ಳು ಜಾಗವೊಂದಿರುತ್ತಿತ್ತು. ಇದನ್ನು ಪ್ಲೀನಮ್ ಎನ್ನುತ್ತಾರೆ. ಮೇಲ್ಪದರದಲ್ಲಿ ಉಂಟಾದ ನೈಟ್ರೇಟನ್ನು, ಆಮ್ಲಜನಕ ವಿರಳವಾದ ಕೆಳಪದರದ ಬ್ಯಾಕ್ಟೀರಿಯಾಗಳು ಸಾರಜನಕ ಅನಿಲವಾಗಿಸಿ ಹೊರಬಿಡುವುದೇ ಇದರ ತಿರುಳು. ಅಮೆರಿಕದ ರಾನ್ ಶಿಮೆಕ್ ಇನ್ನೂ ಮುಂದೆ ಹೋಗಿ, ಟೊಳ್ಳಿನ ಗೊಡವೆಯಿಲ್ಲದೆ ನುಣ್ಣನೆಯ ಮರಳನ್ನು ಹತ್ತು ಸೆಂಟಿಮೀಟರಿಗೂ ಮಿಗಿಲಾಗಿ ಹಾಸಿ, ಅದನ್ನು ಕಲಕುವ ಕೆಲಸವನ್ನು ಹುಳುಗಳಿಗೂ ಇತರ ಸಣ್ಣ ಜೀವಿಗಳಿಗೂ ಬಿಡಬೇಕೆಂದು ವಾದಿಸಿದರು. ಅಲ್ಲಿಯವರೆಗೆ ಕೊಳೆಯೆಂದೇ ಕಾಣುತ್ತಿದ್ದ ಹುಳುಗಳು ಈ ವಾದದಿಂದ ತೊಟ್ಟಿಯ ಮುಖ್ಯ ಕೆಲಸಗಾರರಾದವು, ಮತ್ತು ಈ ಚರಿತ್ರೆಯ ಅತ್ಯಂತ ಮಹತ್ವದ ತಿರುವು ಇದೇ. 2005ರಲ್ಲಿ ರಾಬ್ ಟೂನೆನ್ ಮತ್ತು ಕ್ರಿಸ್ ವೀ ಪ್ರಕಟಿಸಿದ ತುಲನಾತ್ಮಕ ಪ್ರಯೋಗದಲ್ಲಿ ಪ್ಲೀನಮ್ಮಿನಿಂದ ವಿಶೇಷ ಲಾಭ ಕಂಡುಬರಲಿಲ್ಲ.

ಆಳದ ಹಾಸಿಗೂ ಅದರದೇ ಅಪಾಯಗಳಿವೆ. ಆಮ್ಲಜನಕ ಪೂರ್ತಿ ಇಲ್ಲವಾದ ಪದರ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲಿ ಸೇರುವುದರಿಂದ, ಹಳೆಯ ದಪ್ಪ ಹಾಸನ್ನು ಒಮ್ಮೆಲೇ ಅಗೆದರೆ ಜೀವಿಗಳಿಗೆ ಕುತ್ತು ಬರಬಹುದು. ಆದ್ದರಿಂದಲೇ ಇಂದು ಹಲವರು ಕೆಲವೇ ಸೆಂಟಿಮೀಟರ್ ದಪ್ಪದ ಹಾಸನ್ನಿರಿಸಿ, ನೀರು ಬದಲಿಸುವಾಗಲೆಲ್ಲ ಅದರ ಒಂದು ಭಾಗವನ್ನಷ್ಟೇ ಸೈಫನ್ನಿನಿಂದ ತೊಳೆದು, ಉಳಿದುದನ್ನು ಮರಳಲ್ಲಿ ಹುದುಗಿರುವ ನಸ್ಸಾರಿಯಸ್ ಬಸವನಹುಳುಗಳಿಗೂ ಮರಳನ್ನು ಬಾಯಿತುಂಬ ತುಂಬಿಕೊಂಡು ಜರಡಿ ಹಿಡಿದು ಉಗುಳುವ ಗೋಬಿ ಮೀನುಗಳಿಗೂ ಒಪ್ಪಿಸುತ್ತಾರೆ. ಮರಳನ್ನು ನುಂಗಿ ಅದರಲ್ಲಿನ ಸಾವಯವ ಅಂಶವನ್ನು ಜೀರ್ಣಿಸಿಕೊಳ್ಳುವ ಕಡಲಸೌತೆಯೂ ಹಲವು ದೇಶಗಳ ತೊಟ್ಟಿಗಳಲ್ಲಿ ಇದೇ ಕೆಲಸಕ್ಕಿದೆ. ಭಾರತದಲ್ಲಾದರೋ ಎಲ್ಲ ಕಡಲಸೌತೆಗಳನ್ನೂ ಬಂಡೆ ಕಟ್ಟುವ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ, ನಮ್ಮ ಕಡಲಿನಿಂದ ಅವುಗಳನ್ನು ಹಿಡಿದು ತರುವುದನ್ನು ನಿಷೇಧಿಸಲಾಗಿದೆ.