ಅಣೆಕಟ್ಟು ಮತ್ತು ಹಕ್ಕಿ: ಅಮ್ಮಿನಬಾವಿಯ ಕಡೆಯಿಂದ ನದೀಬಯಲಿನ ಒಂದು ವಿಚಾರ

ಧಾರವಾಡದಿಂದ ಸವದತ್ತಿಗೆ ಹೋಗುವ ಹಾದಿಯಲ್ಲಿರುವ ಅಮ್ಮಿನಬಾವಿಯು ಹೆಸರಿನಲ್ಲಿಯೇ ಬಾವಿಯನ್ನು ಹೊತ್ತ ಊರು. ಎರೆಮಣ್ಣಿನ ಈ ಸೀಮೆಯಲ್ಲಿ ನೀರಿಗೆ ಎಷ್ಟು ಬೆಲೆಯಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈಗ ಈ ಊರಿಗೂ ನೀರಿಗೂ ಇರುವ ಸಂಬಂಧವು ಇನ್ನೊಂದು ಬಗೆಯದು. ಸವದತ್ತಿಯ ಬಳಿ ಮಲಪ್ರಭೆಯ ಜಲಾಶಯದಿಂದ ಎತ್ತಿದ ನೀರು ಇಲ್ಲಿ ಶುದ್ಧಿಗೊಂಡು ಹುಬ್ಬಳ್ಳಿ-ಧಾರವಾಡಗಳಿಗೆ ಹರಿಯುತ್ತದೆ. ನದಿಯನ್ನು ಕಟ್ಟಿದುದರಿಂದ ಅದರ ಬಯಲಿನ ಪ್ರಾಣಿಪಕ್ಷಿಗಳಿಗೆ ಏನಾಯಿತು, ಅವುಗಳ ರಕ್ಷಣೆಯ ಭಾವನೆಯು ನಮ್ಮ ನಾಡಿನಲ್ಲಿ ಹೇಗೆ ಬಂದಿತು ಎಂಬುದು ಈ ಲೇಖನದ ವಿಷಯ.

ನದೀತೀರದ ಜೀವಿಗಳಿಂದ ಸಂತೋಷಪಡುವುದು ಹಳೆಯ ಮಾತೇ. ಈ ಪ್ರದೇಶವನ್ನು ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು 12ನೆಯ ಶತಮಾನದ ಗ್ರಂಥ. ಅದರಲ್ಲಿ ಮೃಗಯಾವಿನೋದವೂ ಮತ್ಸ್ಯವಿನೋದವೂ ಅರಸನ ವಿನೋದಗಳಾಗಿ ಬಂದಿವೆ. ಮೀನುಗಳ ಜಾತಿ, ಅವುಗಳಿಗೆ ಹಾಕತಕ್ಕ ಆಹಾರ, ಗಾಳದ ಕ್ರಮ ಇವುಗಳ ವಿವರವನ್ನು ಓದಿದವರಿಗೆ, ನೀರಿನ ಬದುಕನ್ನು ಎಷ್ಟು ಹತ್ತಿರದಿಂದ ನೋಡಿದ್ದರೆಂದು ಆಶ್ಚರ್ಯವಾಗದೆ ಇರದು. ಆದರೆ ಆ ನೋಟದ ಕೊನೆಯು ಹಿಡಿಯುವುದರಲ್ಲಿಯೇ ಇದ್ದಿತು.

ನೋಡುವುದಕ್ಕಾಗಿಯೇ ಉಳಿಸಿಕೊಳ್ಳುವ ಬಗೆಗೆ ಒಳ್ಳೆಯ ನಿದರ್ಶನವು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. 1645-48ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದುದರಿಂದ ಅಲ್ಲಿಯ ನಡುಗಡ್ಡೆಗಳು ಉಂಟಾದುವೆಂದು ಹೇಳುತ್ತಾರೆ. ಗದ್ದೆಗಳಿಗೆ ನೀರೊದಗಿಸಲು ಕಟ್ಟುವ ಒಡ್ಡು ಹಕ್ಕಿಗೂ ಹೇಗೆ ನೆರವಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಹರಿವು ನಿಧಾನವಾದೊಡನೆ ಹೂಳು ನಿಲ್ಲುವುದು, ಹೂಳಿನ ಮೇಲೆ ಗಿಡಮರಗಳು ಬೇರೂರುವುವು, ಸುತ್ತಲಿನ ನೀರು ನರಿ ನಾಯಿಗಳನ್ನು ಗೂಡುಗಳಿಂದ ದೂರವಿಡುವುದು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕುಗಳು ಅಲ್ಲಿ ನೆಲೆಸಿದುವು. ಸಲೀಂ ಅಲಿಯವರು ಮೈಸೂರು ಸೀಮೆಯ ಪಕ್ಷಿಗಳ ಸಮೀಕ್ಷೆ ನಡೆಸಿದ ಕಾಲದಲ್ಲಿ ಇದನ್ನು ಅರಸರ ಗಮನಕ್ಕೆ ತಂದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಹಾಗೆಂದು ಎಲ್ಲ ಕಟ್ಟೆಗಳೂ ಹಕ್ಕಿಗೆ ಹಿತವೆಂದು ತಿಳಿಯಲಾಗದು. ಮೇಲಣ ಕೃಷ್ಣರಾಜಸಾಗರದಿಂದ ಮಳೆಗಾಲದಲ್ಲಿ ನೀರನ್ನು ಹೆಚ್ಚಾಗಿ ಬಿಟ್ಟಾಗ ಇದೇ ನಡುಗಡ್ಡೆಗಳ ಗೂಡುಗಳು ಮುಳುಗುವುದುಂಟು.

ನಮ್ಮ ಭಾಗದ ಕಥೆಯು ತಡವಾಗಿ ಮೊದಲಾಗುತ್ತದೆ. ಗೋಕಾಕದ ಬಳಿ ಧೂಪದಾಳದಲ್ಲಿ ಘಟಪ್ರಭೆಗೆ 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಕಾಲುವೆಗಾಗಿ ಒಡ್ಡು ಕಟ್ಟಲಾಗಿತ್ತು. ಅದರ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಬರುತ್ತವೆ. ಆದರೂ ಪಕ್ಷಿಧಾಮದ ಘೋಷಣೆಯಾದುದು 1974ರಲ್ಲಿ, ಅಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬಂದ ಎರಡು ವರ್ಷಗಳ ಅನಂತರ. ರಂಗನತಿಟ್ಟಿಗೆ ಅರಸರ ಒಲವು ಸಾಕಾಯಿತು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಧೂಪದಾಳವು ಶಾಸನಕ್ಕಾಗಿ ಕಾಯಬೇಕಾಯಿತು. ಈ 34 ವರ್ಷಗಳ ಅಂತರಕ್ಕೆ ಆಡಳಿತದ ಭೇದವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಇನ್ನು ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಮೂಲಪ್ರದೇಶದ ಕಾಡುಗಳಿಗೆ 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯವು ಆಸರೆಯಾಗಿದೆ. ಕೆಳಗಿನ ಬಯಲಿಗೆ ಅಂತಹ ಆಸರೆಯಿಲ್ಲ. ನವಿಲಿನ ಹೆಸರನ್ನೇ ಹೊತ್ತ ನವಿಲುತೀರ್ಥದ ಕಿರಿದಾದ ಕಣಿವೆಯಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಎದ್ದಿತು. ಅದರ ಹಿನ್ನೀರಿಗೆ ಪಕ್ಷಿಧಾಮವೆಂಬ ಹೆಸರು ಇನ್ನೂ ಸಂದಿಲ್ಲ. ಬೇಸಗೆಯಲ್ಲಿ ನೀರು ಇಳಿದು ತೆರೆಯುವ ಕೆಸರು ನೆಲವು ಹಕ್ಕಿಗೆ ಮೇವಿನ ತಾಣ, ರೈತನಿಗೆ ಫಲವತ್ತಾದ ಹೊಲ. ಕಟ್ಟೆಯ ಕೆಳಗಾದರೋ ಒತ್ತುವರಿಯಿಂದ ನದೀಪಾತ್ರವೇ ಕಿರಿದಾಗುತ್ತ ಬಂದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ಗುಡಿಗಳವರೆಗೂ ನುಗ್ಗಿದಾಗ, ತನ್ನ ಹಳೆಯ ಬಯಲು ಯಾವುದೆಂಬುದನ್ನು ನದಿಯೇ ಗುರುತಿಸಿ ತೋರಿಸಿತು. ಆ ಗುರುತನ್ನು ಭೂಪಟದ ಮೇಲೆ ಎಳೆದು, ಅದರೊಳಗೆ ಹಕ್ಕಿಗೆಷ್ಟು, ಕಬ್ಬಿಗೆಷ್ಟು ಎಂದು ನಿಶ್ಚಯಿಸುವ ಕೆಲಸವು ಇನ್ನೂ ಆಗಬೇಕಾಗಿದೆ.