ಷೆಂಗೆನ್ ವೀಸಾ: ಇತಿಹಾಸ

ಯೂರೋಪು ಖಂಡದ 29 ರಾಷ್ಟ್ರಗಳ ಪೈಕಿ ಯಾವುದಾದರೊಂದು ರಾಷ್ಟ್ರವು ಅನ್ಯದೇಶೀಯರಿಗೆ ನೀಡುವ, ಮಿಕ್ಕೆಲ್ಲ ರಾಷ್ಟ್ರಗಳಲ್ಲಿಯೂ ಸಾಮಾನ್ಯವಾಗಿ ಸಿಂಧುವಾಗುವ, ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳನ್ನು ಮೀರದ ವಾಸಕ್ಕೆ ಅವಕಾಶವೀಯುವ ಪ್ರವೇಶಾನುಮತಿ. ಮೇಲುನೋಟಕ್ಕೆ ಇದು ಪ್ರವಾಸಿಯ ಸೌಕರ್ಯಕ್ಕಾಗಿ ಹುಟ್ಟಿದ ಏರ್ಪಾಡೆಂದು ತೋರಿದರೂ, ಇದರ ತಿರುಳಿರುವುದು ರಾಷ್ಟ್ರಗಳ ಪರಸ್ಪರ ವಿಶ್ವಾಸದಲ್ಲಿ. ತನ್ನ ಮನೆಯ ಹೆಬ್ಬಾಗಿಲನ್ನು ಕಾಯುವ ಹೊಣೆಯನ್ನು ನೆರೆಯವನಿಗೆ ಒಪ್ಪಿಸಿ ನಿಶ್ಚಿಂತನಾಗಿರುವುದು ಗೃಹಸ್ಥನಿಗೆ ಎಷ್ಟು ಕಠಿನವೋ, ಎರಡು ಮಹಾಯುದ್ಧಗಳನ್ನು ಕಂಡ ಆ ಖಂಡದ ರಾಷ್ಟ್ರಗಳಿಗೂ ಅದು ಅಷ್ಟೇ ಕಠಿನವಾಗಿದ್ದಿತು.

ಮೊದಲನೆಯ ಮಹಾಯುದ್ಧಕ್ಕೆ ಮುನ್ನ, ರಷ್ಯ ಮತ್ತು ತುರ್ಕಿ ಸಾಮ್ರಾಜ್ಯಗಳನ್ನು ಬಿಟ್ಟರೆ, ಯೂರೋಪಿನ ಬಹುಭಾಗದಲ್ಲಿ ರಹದಾರಿ ಪತ್ರದ ಗೊಡವೆಯಿಲ್ಲದೆ ಸಂಚರಿಸಬಹುದಾಗಿತ್ತು. 1914ರಲ್ಲಿ ಗೂಢಚಾರರ ಭಯದಿಂದ ವಿಧಿಸಿದ ನಿರ್ಬಂಧಗಳು ಯುದ್ಧ ಮುಗಿದ ಮೇಲೂ ತೊಲಗಲಿಲ್ಲ; 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಸಮ್ಮೇಳನವು ಪಾಸ್‌ಪೋರ್ಟಿಗೆ ಏಕರೂಪವನ್ನು ಕೊಟ್ಟು, ತಾತ್ಕಾಲಿಕವೆಂದು ಭಾವಿಸಲ್ಪಟ್ಟಿದ್ದುದನ್ನು ಪ್ರಾಯಶಃ ತನಗರಿವಿಲ್ಲದೆಯೇ ಶಾಶ್ವತಗೊಳಿಸಿತು. ಎರಡನೆಯ ಮಹಾಯುದ್ಧಾನಂತರ ಈ ಕಟ್ಟನ್ನು ಸಡಿಲಿಸುವುದರಲ್ಲಿ ಉತ್ತರದವರು ಮುಂದಾದರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳು 1952ರಲ್ಲಿ ತಮ್ಮ ಪ್ರಜೆಗಳನ್ನು ಪರಸ್ಪರ ಪಾಸ್‌ಪೋರ್ಟಿನಿಂದ ಮುಕ್ತಗೊಳಿಸಿ, 1958ರಲ್ಲಿ ಒಳಗಡಿಗಳ ತಪಾಸಣೆಯನ್ನೇ ತೆಗೆದುಹಾಕಿದುವು. ಆದರೆ ಅನ್ಯದೇಶೀಯನಿಗೆ ಒಂದೇ ವೀಸಾ ಎಂಬ ಭಾವನೆ ಮೂರ್ತಸ್ವರೂಪವನ್ನು ತಾಳಿದುದು ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್‌ಗಳಲ್ಲಿ. 1960ರ ಏಪ್ರಿಲ್ 11ರಂದು ಬ್ರಸೆಲ್ಸ್‌ನಲ್ಲಿ ಆದ ಒಪ್ಪಂದದಂತೆ ಆ ಮೂರು ಪುಟ್ಟ ನಾಡುಗಳು ತಪಾಸಣೆಯನ್ನೆಲ್ಲ ತಮ್ಮ ಹೊರಗಡಿಗೆ ಸಾಗಿಸಿದುವು. ಷೆಂಗೆನ್ನಿನ ನಿಜವಾದ ಪೂರ್ವಜನು ಈ ಒಪ್ಪಂದವೇ.

ಇದನ್ನು ದೊಡ್ಡ ರಾಷ್ಟ್ರಗಳು ಅನುಸರಿಸಲು ಕಾರಣರಾದವರು ಲಾರಿ ಚಾಲಕರು. ಸುಂಕದ ಕಟ್ಟೆಗಳಲ್ಲಿನ ವಿಳಂಬದಿಂದ ರೋಸಿದ ಅವರು 1984ರ ಚಳಿಗಾಲದಲ್ಲಿ ಫ್ರಾನ್ಸಿನ ಹೆದ್ದಾರಿಗಳನ್ನು ಅಡ್ಡಗಟ್ಟಲಾಗಿ, ಅದೇ ವರ್ಷದ ಜುಲೈ 13ರಂದು ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳು ತಮ್ಮಿಬ್ಬರ ನಡುವಣ ಗಡಿತಪಾಸಣೆಯನ್ನು ಕ್ರಮೇಣ ಕೈಬಿಡಲು ಸಾರ್‌ಬ್ರುಕೆನ್ನಿನಲ್ಲಿ ಒಡಂಬಟ್ಟುವು. ಮೇಲೆ ಹೇಳಿದ ಮೂರು ನಾಡುಗಳೂ ಕೂಡಿಕೊಂಡುದರಿಂದ, 1985ರ ಜೂನ್ 14ರಂದು, ಫ್ರಾನ್ಸ್, ಜರ್ಮನಿ ಮತ್ತು ಲಕ್ಸೆಂಬರ್ಗ್‌ಗಳ ಗಡಿಗಳು ಸಂಧಿಸುವೆಡೆಯಲ್ಲಿ, ದ್ರಾಕ್ಷಿ ತೋಟಗಳ ನಡುವಣ ಷೆಂಗೆನ್ ಎಂಬ ಗ್ರಾಮದ ಬಳಿ, ಮೋಸೆಲ್ ನದಿಯಲ್ಲಿ ಲಂಗರು ಹಾಕಿದ್ದ ‘ಪ್ರಿನ್ಸೆಸ್ ಮರಿ ಆಸ್ಟ್ರಿಡ್’ ಎಂಬ ಹಡಗಿನಲ್ಲಿ ಐದು ರಾಷ್ಟ್ರಗಳ ಪ್ರತಿನಿಧಿಗಳು ಒಪ್ಪಂದಕ್ಕೆ ರುಜು ಹಾಕಿದರು. ಆಗಿನ ಯೂರೋಪಿಯನ್ ಆರ್ಥಿಕ ಸಮುದಾಯದ ಹತ್ತು ಸದಸ್ಯರಲ್ಲಿ ಅರ್ಧದಷ್ಟು ಮಂದಿ ಮಾತ್ರ ಸಮ್ಮತಿಸಿದ್ದ ಆ ಕಾರ್ಯಕ್ಕೆ ಅಂದು ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಆರಂಭವೂ ವಿನಮ್ರವಾದುದೇ: ಗಾಜಿನ ಮೇಲೆ ಎಂಟು ಸೆಂಟಿಮೀಟರ್ ವ್ಯಾಸದ ಹಸಿರು ಬಿಲ್ಲೆಯನ್ನಂಟಿಸಿಕೊಂಡ ಕಾರುಗಳು, ನಿಲ್ಲದೆ, ನಿಧಾನಗತಿಯಲ್ಲಿ ಗಡಿಯನ್ನು ದಾಟಬಹುದೆಂಬುದೇ ಅದರ ಮೊದಲ ಫಲ.

ಏಕವೀಸಾದ ನಿಯಮಗಳು ರೂಪುಗೊಂಡುದು 1990ರ ಜೂನ್ 19ರ ಎರಡನೆಯ ಒಪ್ಪಂದದಲ್ಲಿ. ಒಳಬಾಗಿಲು ತೆರೆಯಬೇಕಾದರೆ ಹೊರಬಾಗಿಲಿನ ಕಾವಲು ಏಕರೂಪವಾಗಿರಬೇಕೆಂಬ ತತ್ತ್ವವನ್ನು ಅದು ಸ್ಥಾಪಿಸಿತು. ಪ್ರವಾಸಿಯ ಮುಖ್ಯ ಗಮ್ಯವಾದ ದೇಶವೇ ವೀಸಾ ನೀಡತಕ್ಕದ್ದು, ಹಾಗೆ ಒಂದನ್ನು ಗೊತ್ತುಮಾಡಲಾಗದಿದ್ದರೆ ಆತನು ಮೊದಲು ಕಾಲಿಡುವ ದೇಶವೇ ನೀಡತಕ್ಕದ್ದು ಎಂದು ವಿಧಿಸಿತು. ಆದರೆ ಪೊಲೀಸರಿಗೆ ಬೇಕಾದವರ ಮತ್ತು ಪ್ರವೇಶ ನಿಷಿದ್ಧರಾದವರ ವಿವರಗಳನ್ನು ಎಲ್ಲ ಗಡಿಗಳಿಗೂ ಒದಗಿಸಬೇಕಾಗಿದ್ದ, ಸ್ಟ್ರಾಸ್‌ಬರ್ಗ್‌ನಲ್ಲಿ ಕೇಂದ್ರವಿದ್ದ ಗಣಕವ್ಯವಸ್ಥೆ ಸಿದ್ಧವಾಗುವುದು ತಡವಾದುದರಿಂದ, 1995ರ ಮಾರ್ಚ್ 26ರವರೆಗೂ ಕಾಯಬೇಕಾಯಿತು. ಅಂದು, ಸ್ಪೇನ್ ಮತ್ತು ಪೋರ್ಚುಗಲ್ ಸೇರಿ, ಏಳು ರಾಷ್ಟ್ರಗಳ ನಡುವಣ ತಪಾಸಣೆ ನಿಂತಿತು.

ಆಮ್‌ಸ್ಟರ್‌ಡ್ಯಾಮ್ ಒಪ್ಪಂದದ ಮೂಲಕ 1999ರಲ್ಲಿ ಈ ವ್ಯವಸ್ಥೆ ಯೂರೋಪಿಯನ್ ಒಕ್ಕೂಟದ ಕಾನೂನಿನೊಳಗೆ ಸೇರಿತು. 2007ರ ಡಿಸೆಂಬರ್ 21ರಂದು ಪೋಲೆಂಡ್, ಹಂಗೆರಿ ಮೊದಲಾದ ಒಂಬತ್ತು ರಾಷ್ಟ್ರಗಳು ಒಮ್ಮೆಗೇ ಒಳಬಂದುವು. ಕಬ್ಬಿಣದ ತೆರೆಯ ಆಚೆಗಿದ್ದ ಜನರು ಕಾವಲುಗಾರನನ್ನು ಕಾಣದೆ ಪಶ್ಚಿಮಕ್ಕೆ ನಡೆದುಹೋದ ಆ ದಿನವನ್ನು ಈ ಚರಿತ್ರೆಯ ಅತ್ಯುನ್ನತ ಘಟ್ಟವೆಂದೇ ಹೇಳಬೇಕು. ಕ್ರೊಯೇಷಿಯ 2023ರಲ್ಲಿ ಸೇರಿತು. ರೊಮೇನಿಯ ಮತ್ತು ಬಲ್ಗೇರಿಯಗಳ ಭೂಗಡಿಗಳು ತೆರೆದುದು 2025ರ ಜನವರಿ 1ರಂದು. ಐರ್ಲೆಂಡ್ ಹೊರಗೆಯೇ ಉಳಿದಿದೆ.

ಒಳಗಿನ ಸ್ವಾತಂತ್ರ್ಯ ಬೆಳೆದಂತೆಲ್ಲ ಹೊರಗಿನವನ ಮೇಲಣ ನಿಗಾ ತೀಕ್ಷ್ಣವಾಯಿತು. 2010ರಿಂದ ಜಾರಿಯಲ್ಲಿರುವ ವೀಸಾ ಸಂಹಿತೆಯಂತೆ ಅರ್ಜಿದಾರನು ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ತೋರಿಸಬೇಕು. 2015ರ ನವೆಂಬರ್‌ನಿಂದ ಭಾರತದ ಅರ್ಜಿದಾರರು ಬೆರಳಚ್ಚನ್ನೂ ಕೊಡಬೇಕಾಯಿತು. 2007ರಲ್ಲಿ 60 ಯೂರೋ ಆಗಿದ್ದ ಶುಲ್ಕ 2024ರ ಜೂನ್‌ನಲ್ಲಿ 90ಕ್ಕೇರಿತು. ಅರ್ಜಿ ತಿರಸ್ಕೃತವಾದರೂ ಹಿಂದಿರುಗದ ಈ ಹಣ, ಬೆಂಗಳೂರಿನಿಂದ ಸಕುಟುಂಬವಾಗಿ ಹೊರಡುವ ಗೃಹಸ್ಥನಿಗೆ ಹಗುರವಾದುದಲ್ಲ. ಇದಕ್ಕೆ ಪ್ರತಿಯಾಗಿ 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ದೊರೆತ ರಿಯಾಯಿತಿಯೊಂದುಂಟು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಕ್ರಮವಾಗಿ ಬಳಸಿದವರು ಎರಡು ವರ್ಷಗಳ, ತರುವಾಯ ಐದು ವರ್ಷಗಳ ಬಹುಪ್ರವೇಶದ ವೀಸಾ ಪಡೆಯಬಹುದಾಗಿದೆ.

2015ರಲ್ಲಿ ನಿರಾಶ್ರಿತರು ಬಹುಸಂಖ್ಯೆಯಲ್ಲಿ ಬಂದಾಗ ಜರ್ಮನಿ, ಆಸ್ಟ್ರಿಯ ಮುಂತಾದುವು ಒಳಗಡಿಗಳಲ್ಲಿ ತಪಾಸಣೆಯನ್ನು ಮತ್ತೆ ಆರಂಭಿಸಿದುವು. 2020ರ ಕೋವಿಡ್ ಸಾಂಕ್ರಾಮಿಕವು ಅನೇಕ ಗಡಿಗಳನ್ನು ಮುಚ್ಚಿಸಿತು. ವಿಪತ್ತಿನ ಗಳಿಗೆಯಲ್ಲಿ ರಾಷ್ಟ್ರವು ಮೊದಲು ಮುಚ್ಚುವುದು ತನ್ನ ಬಾಗಿಲನ್ನೇ ಎಂಬುದು ಇದರಿಂದ ವಿದಿತವಾಗುತ್ತದೆ.

ಇತರೆಡೆಗಳಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ. ಕೀನ್ಯ, ಉಗಾಂಡ, ರುವಾಂಡಗಳು 2014ರಲ್ಲಿ ಪ್ರವಾಸಿಗಳಿಗಾಗಿ ಏಕವೀಸಾವನ್ನು ಜಾರಿಗೆ ತಂದುವು. ನಮ್ಮ ಉಪಖಂಡದಲ್ಲಿ 1992ರಲ್ಲಿ ಆರಂಭವಾದ ಸಾರ್ಕ್ ವೀಸಾ ವಿನಾಯಿತಿ ಯೋಜನೆಯು ನ್ಯಾಯಾಧೀಶರು, ಸಂಸದರು, ಪತ್ರಕರ್ತರು, ಕ್ರೀಡಾಪಟುಗಳೇ ಮೊದಲಾದ 24 ವರ್ಗಗಳವರಿಗೆ ಮೀಸಲಾಗಿದ್ದು, ಸಾಮಾನ್ಯ ಯಾತ್ರಿಕನನ್ನು ಎಂದೂ ಒಳಗೊಳ್ಳಲಿಲ್ಲ. 2025ರ ಏಪ್ರಿಲ್‌ನಲ್ಲಿ, ಪಹಲ್‌ಗಾಮ್ ದಾಳಿಯ ತರುವಾಯ, ಅದರಡಿ ಪಾಕಿಸ್ತಾನೀಯರಿಗಿದ್ದ ಸೌಲಭ್ಯವನ್ನು ಭಾರತವು ರದ್ದುಪಡಿಸಿತು.